ಕಣ ಕಟ್ಟಿದವರು

ನಮ್ಮಪ್ಪ ಒಂದೂ ಕುಸ್ತಿ ಗೆದ್ದವನಲ್ಲ. ಹುಡುಗನಿದ್ದಾಗ ಎರಡು ವರ್ಷ ಗರಡಿಗೆ ಹೋಗಿದ್ದನಂತೆ, ಮೈ ಹಿಡಿಯಲಿಲ್ಲ. ಒಂದು ದಿನ ವಸ್ತಾದರು ಕರೆದು, "ನಿನ್ನ ಅಕ್ಷರ ಚಲೋ ಅದಾವ. ಮಣ್ಣ ಬಿಡು, ವಹಿ ಹಿಡಿ" ಅಂದರಂತೆ. ಹಾಗೆ ಹಿಡಿದ ಲೆಕ್ಕದ ವಹಿಯನ್ನು ಅವನು ತೀರಿಕೊಳ್ಳುವ ಹಿಂದಿನ ಜಾತ್ರೆಯವರೆಗೂ ಬಿಡಲಿಲ್ಲ. ರಾಯಬಾಗ ತಾಲ್ಲೂಕಿನ ನಮ್ಮೂರ ಜಾತ್ರೆಯ ಕುಸ್ತಿ ಕಮಿಟಿಗೆ ಕಾರ್ಯದರ್ಶಿಯೂ ಅವನೇ, ಖಜಾಂಚಿಯೂ ಅವನೇ. ಜೋಡಿ ಹಚ್ಚುವವನೂ ಅವನೇ, ಕೊನೆಯ ದೊಡ್ಡ ಕುಸ್ತಿಗೆ ಪಂಚನೂ ಅವನೇ.

ಜಾತ್ರೆ ಎರಡು ತಿಂಗಳು ಇದೆ ಅನ್ನುವಾಗಲೇ ಅವನ ಓಡಾಟ ಶುರುವಾಗುತ್ತಿತ್ತು. ಪಟ್ಟಿ ಎತ್ತಲು ನಿಪ್ಪಾಣಿಯ ತಂಬಾಕಿನ ಅಡತಿ ಅಂಗಡಿಗಳಿಗೆ ಹೋಗುವುದು, ಕಬ್ಬಿನ ಬಿಲ್ಲು ಬಂದ ಮನೆಗಳನ್ನು ನೆನಪಿಟ್ಟುಕೊಂಡು ಬಾಗಿಲು ತಟ್ಟುವುದು, ಕಾಗವಾಡ ದಾಟಿ ಮೀರಜಿಗೆ, ಅಲ್ಲಿಂದ ಕೊಲ್ಹಾಪುರ, ಸಾಂಗಲಿಯ ತಾಲೀಮುಗಳಿಗೆ ಹೋಗಿ ಪೈಲವಾನರನ್ನು ಒಪ್ಪಿಸಿ ಬರುವುದು. ಆಮೇಲೆ ಕೆಮ್ಮಣ್ಣು ತರಿಸಿ ಜರಡಿ ಹಿಡಿಸಿ, ಮಜ್ಜಿಗೆ, ಎಣ್ಣೆ, ಅರಿಶಿನ, ಲಿಂಬೆಹುಳಿ ಬೆರೆಸಿ ಹದ ಮಾಡಿಸುವುದು. ಇಷ್ಟಾಗುವ ಹೊತ್ತಿಗೆ ಮನೆಯಲ್ಲಿ ಅವ್ವನ ಮಾತು ತಪ್ಪದೆ ಬರುತ್ತಿತ್ತು: "ಊರ ಪೈಲವಾನರಿಗೆ ಬದಾಮಿ, ಮನ್ಯಾನ ಮಕ್ಕಳಿಗೆ ಬೆಲ್ಲದ ಚಾ."

ಅಪ್ಪ ಹೋದ ಮೇಲೆ ಅವನ ಟ್ರಂಕಿನಲ್ಲಿ ಏಳು ವಹಿಗಳು ಸಿಕ್ಕವು. ಅವನ್ನು ತೆರೆದು ನೋಡುವ ಮನಸ್ಸು ನನಗಿರಲಿಲ್ಲ. ಅಷ್ಟರಲ್ಲಿ ಕಮಿಟಿಯ ಹಿರಿಯರೊಬ್ಬರು, ನಾನು ಕಾಕಾ ಎಂದೇ ಕರೆಯುವವರು, ಚಿಕ್ಕೋಡಿಯ ನನ್ನ ಮನೆಗೆ ಬಂದರು. ಚಹಾ ಕುಡಿದು, ಬಟ್ಟಲು ಕೆಳಗಿಟ್ಟು, "ಗರಡಿ ಮಾಡ (ಛಾವಣಿ) ಬಿದ್ದೈತಿ ತಮ್ಮಾ. ಹುಡುಗ್ರು ಬರೂದಿಲ್ಲ. ಕೆಡವಿ ನಾಕ ಮಳಿಗಿ ಕಟ್ಟಿಸೂಣು ಅಂತಾರ. ಬಾಡಿಗಿ ಬಂದ್ರ ಜಾತ್ರಿ ಖರ್ಚು ನಡೀತೈತಿ. ಬ್ಯಾಡ ಅಂದ್ರ ನೀನ ವಹಿ ಹಿಡೀಬೇಕು. ಎರಡರಾಗ ಒಂದ ಹೇಳು" ಅಂದರು. ವಿಚಾರ ಮಾಡುತ್ತೇನೆ ಎಂದು ಕಳಿಸಿದೆ. ಮಳಿಗೆಯೇ ಆಗಲಿ ಎಂದು ಒಳಗೊಳಗೇ ತೀರ್ಮಾನಿಸಿಯೂ ಆಗಿತ್ತು.

ಅದೇ ವಾರ ಕಾಲೇಜಿನಲ್ಲಿ ಬಿ.ಎ. ಓದುವ, ಅಥಣಿ ಕಡೆಯ ಹುಡುಗಿಯೊಬ್ಬಳು ರಜೆ ಚೀಟಿಗೆ ಸಹಿ ಕೇಳಲು ಬಂದಳು. ಜುಡೋ ಆಡುವವಳು. ನಮ್ಮ ಜಿಲ್ಲೆಯಲ್ಲಿ ಈ ಆಟ ಈಗ ಹೊಸದಲ್ಲ. ಬೆಳಗಾವಿ ತಾಲ್ಲೂಕಿನ ತುರಮುರಿಯ ಮಲಪ್ರಭಾ ಜಾಧವ ಜುಡೋ ಕಲಿತು ಬೆಳೆದು, ಅದಕ್ಕೆ ಹತ್ತಿರದ ಕುರಾಶ್ ಆಟದಲ್ಲಿ 2018ರ ಏಷ್ಯನ್ ಗೇಮ್ಸ್‌ನಲ್ಲಿ ಕಂಚು ಗೆದ್ದದ್ದು ಹಳ್ಳಿಯ ಹುಡುಗಿಯರಿಗೆಲ್ಲ ಗೊತ್ತು. ಸಹಿ ಹಾಕಿಸಿಕೊಂಡವಳು ಹೊರಡದೆ ನಿಂತು, "ಸರ್, ಮ್ಯಾಟ್ ಹತ್ತೂ ಮುಂದ ಗ್ವಾಡಿ ಮ್ಯಾಲಿನ ಒಂದ ಫೋಟೋಕ್ಕ ಬಾಗಿ ನಮಸ್ಕಾರ ಮಾಡ್ತೀವ್ರಿ. ಯಾರ್ರಿ ಅಂತ ಕೇಳಿದ್ರ ಜುಡೋ ಹುಟ್ಟಿಸಿದವರು ಅಂತಾರ. ಅಷ್ಟ. ನೀವು ಹಿಸ್ಟರಿ ಸರ್ ಅಲ್ರಿ, ಹೇಳ್ರಿ" ಅಂದಳು. ನನಗೂ ಹೆಸರಿಗಿಂತ ಹೆಚ್ಚು ಗೊತ್ತಿರಲಿಲ್ಲ. ಓದಿ ಹೇಳುತ್ತೇನೆ ಎಂದೆ. ಹಾಗೆ ಜಿಗೊರೊ ಕಾನೊ ನನ್ನ ಮೇಜಿನ ಮೇಲೆ, ಅಪ್ಪನ ಏಳು ವಹಿಗಳ ಪಕ್ಕಕ್ಕೆ ಬಂದು ಕುಳಿತರು.

ಕಾನೊ ಹುಟ್ಟಿದ್ದು 1860ರಲ್ಲಿ, ಇಂದಿನ ಕೋಬೆ ನಗರದ ಭಾಗವಾಗಿರುವ ಮಿಕಾಗೆಯಲ್ಲಿ. ಅಕ್ಕಿಯ ಮದ್ಯ ಮಾಡುವ ಅನುಕೂಲಸ್ಥ ಮನೆತನ. ತಾಯಿ ಬೇಗ ತೀರಿಕೊಂಡರು, ತಂದೆ ಮಗನನ್ನು ಟೋಕಿಯೊಗೆ ಕರೆದೊಯ್ದರು. ಓದಿನಲ್ಲಿ ಮುಂದು, ಮೈಯಲ್ಲಿ ಹಿಂದು. ದೊಡ್ಡವನಾದ ಮೇಲೂ ಐದಡಿ ಎರಡಂಗುಲದ ಆಸುಪಾಸಿನ ಆಳು. ಶಾಲೆಯಲ್ಲಿ ದಾಂಡಿಗ ಹುಡುಗರಿಂದ ಹೊಡೆತ ತಿಂದು ತಿಂದು, ಚಿಕ್ಕವನು ದೊಡ್ಡವನನ್ನು ಕೆಡವುವ ವಿದ್ಯೆ ಇದೆಯಂತೆ ಎಂದು ಕೇಳಿ, ಅದನ್ನು ಕಲಿಸುವವರನ್ನು ಹುಡುಕಿಕೊಂಡು ಹೊರಟ. ಅದು ಜುಜುತ್ಸು. ಆದರೆ ಜಪಾನ್ ಆಗ ಪಶ್ಚಿಮದ ಕಡೆ ಮುಖ ಮಾಡಿತ್ತು. ಸಮುರಾಯಿಗಳ ಕಾಲ ಮುಗಿದು ಹಳೆಯ ವಿದ್ಯೆಯ ಗುರುಗಳು ಹೊಟ್ಟೆಪಾಡಿಗೆ ಬೇರೆ ಕಸುಬು ಹಿಡಿದಿದ್ದರು. ಕಾನೊಗೆ 1877ರಲ್ಲಿ ಸಿಕ್ಕ ಮೊದಲ ಗುರು ಫುಕುದಾ ಹಾಚಿನೊಸುಕೆ. ಅವರು ಎರಡೇ ವರ್ಷದಲ್ಲಿ ತೀರಿಕೊಂಡರು. ಆಮೇಲೆ ಇನ್ನೊಬ್ಬರು, ಮತ್ತೂ ಒಬ್ಬರು. ನಡುವೆ ಟೋಕಿಯೊ ವಿಶ್ವವಿದ್ಯಾಲಯದ ಪದವಿಯೂ ಮುಗಿಯಿತು.

1882ರಲ್ಲಿ, ಇಪ್ಪತ್ತೆರಡು ತುಂಬುವ ಮೊದಲೇ, ಅವರು ಟೋಕಿಯೊದ ಐಶೋಜಿ ಎಂಬ ಬೌದ್ಧ ದೇವಾಲಯದಲ್ಲಿ ಹನ್ನೆರಡು ಚಾಪೆಯಷ್ಟು ಜಾಗ ಹಿಡಿದು ಕೊಡೊಕಾನ್ ಶುರುಮಾಡಿದರು. ಬೆರಳೆಣಿಕೆಯ ಶಿಷ್ಯರು. ಮೈಗಳು ಬಿದ್ದ ರಭಸಕ್ಕೆ ನೆಲದ ಹಲಗೆಗಳು ಮುರಿಯುತ್ತಿದ್ದವು. ದೇವಾಲಯದವರು ಗೊಣಗುತ್ತಿದ್ದರು. ಆಗ ರಾತ್ರಿ ಹೊತ್ತು ಲಾಟೀನು ಹಿಡಿದು ನೆಲದಡಿ ತೆವಳಿಕೊಂಡು ಹೋಗಿ ಮುರಿದ ಹಲಗೆಗೆ ಆಸರೆ ಕೊಡುತ್ತಿದ್ದವರು ಸ್ವತಃ ಗುರುಗಳೇ. ಇದನ್ನು ಓದಿದಾಗ ನನಗೆ ಅಪ್ಪ ನೆನಪಾದ. ಮಿರಗದ ಮಳೆಗೆ ಮುಂಚೆ ಏಣಿ ಹಾಕಿ ಗರಡಿಯ ಮಾಡ ಹತ್ತಿ ಹಂಚು ಸರಿಮಾಡುವುದು ಅವನ ವರ್ಷದ ಕೆಲಸವಾಗಿತ್ತು. ಮನೆಯ ಹಂಚಿನ ಸರದಿ ಆಮೇಲೆ.

ಕಾನೊ ಮಾಡಿದ ಕೆಲಸ ಹಳೆಯ ಪಟ್ಟುಗಳನ್ನು ಒಟ್ಟುಮಾಡಿದ್ದಷ್ಟೇ ಅಲ್ಲ. ಪ್ರಾಣ ತೆಗೆಯುವ ಪಟ್ಟುಗಳನ್ನು ಅಭ್ಯಾಸದ ಆಟದಿಂದ ಹೊರಗಿಟ್ಟರು. ಬೀಳುವುದನ್ನು ಮೊದಲು ಕಲಿಸಿದರು. ಕಲಿತವನ ಮಟ್ಟ ಅಳೆಯಲು 'ದಾನ್' ಎಂಬ ಮೆಟ್ಟಿಲುಗಳನ್ನು ತಂದರು. ಇಂದು ಲೋಕದ ತುಂಬ ಕಾಣುವ ಕಪ್ಪು ಪಟ್ಟಿ ಅಲ್ಲಿಂದ ಹೊರಟದ್ದು. ಹೊಡೆದಾಟವನ್ನು ಆಟ ಮಾಡಬೇಕಾದರೆ ಎದುರಿನವನು ನಾಳೆಯೂ ಆಡಲು ಬರುವ ಹಾಗೆ ನೋಡಿಕೊಳ್ಳಬೇಕು. ಅಪ್ಪನಿಗೆ ಈ ಮಾತು ಯಾರೂ ಹೇಳಿಕೊಟ್ಟಿರಲಿಲ್ಲ, ಆದರೆ ಗೊತ್ತಿತ್ತು. ತೂಕದ ಯಂತ್ರವಿಲ್ಲದ ಕಾಲ. ಇಬ್ಬರು ಹುಡುಗರ ಕೈಹಿಡಿದು ಪಕ್ಕಪಕ್ಕ ನಿಲ್ಲಿಸಿ, ಕುತ್ತಿಗೆ, ಮಣಿಕಟ್ಟು, ಕಣ್ಣು ನೋಡಿ ಜೋಡಿ ಹಚ್ಚುತ್ತಿದ್ದ. ಗೆಲ್ಲಲಿ ಎಂದು ಯಾರದೋ ಶ್ರೀಮಂತನ ಮಗನಿಗೆ ಎಳೆಯನನ್ನು ಹಚ್ಚಲು ಒತ್ತಾಯ ಬಂದರೆ, "ಜೋಡ ತಪ್ಪಿದ್ರ ಕುಸ್ತಿ ಹಿಡಿಯೂಕಿಂತ ಮದಲ ಕಮಿಟಿ ಸೋತಂಗ" ಎಂದು ಎದ್ದುಬಿಡುತ್ತಿದ್ದ.

ಕಾನೊ ವೃತ್ತಿಯಿಂದ ಮೇಷ್ಟರು. ಟೋಕಿಯೊದ ಉನ್ನತ ನಾರ್ಮಲ್ ಶಾಲೆ, ಅಂದರೆ ಶಿಕ್ಷಕರನ್ನು ತಯಾರು ಮಾಡುವ ಕಾಲೇಜಿಗೆ ಬಹುಕಾಲ ಪ್ರಾಂಶುಪಾಲರು. ಚೀನಾದಿಂದ ಕಲಿಯಲು ಬಂದ ವಿದ್ಯಾರ್ಥಿಗಳಿಗಾಗಿ ಬೇರೆಯದೇ ಶಾಲೆ ನಡೆಸಿದರು. ಮುಂದೆ ಚೀನಾದ ದೊಡ್ಡ ಲೇಖಕನಾದ ಲು ಶುನ್ 1902ರಲ್ಲಿ ಅಲ್ಲಿ ಸೇರಿದವನೇ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ. 1909ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಅವರನ್ನು ಸದಸ್ಯರನ್ನಾಗಿ ಮಾಡಿಕೊಂಡಿತು. ಇಡೀ ಏಷ್ಯಾದಿಂದ ಮೊದಲಿಗರು ಅವರು. ಸದಸ್ಯರೇನೋ ಆದರು, ಕಳಿಸಲು ಆಟಗಾರರು ಎಲ್ಲಿ? ಕ್ರೀಡಾ ಸಂಘವೇ ಇರಲಿಲ್ಲ. 1911ರಲ್ಲಿ ಸಂಘ ಕಟ್ಟಿ, ಆಯ್ಕೆಯ ಓಟ ಇಟ್ಟು, 1912ರಲ್ಲಿ ಸ್ಟಾಕ್‌ಹೋಮಿಗೆ ಹೊರಟಾಗ ಅವರ ತಂಡದಲ್ಲಿದ್ದ ಆಟಗಾರರು ಎರಡೇ ಎರಡು ಜನ. ಓಟದ ಮಿಶಿಮಾ ಮತ್ತು ಮ್ಯಾರಥಾನಿನ ಶಿಜೊ ಕನಾಕುರಿ.

ಕನಾಕುರಿ ಕಾನೊ ಅವರ ಕಾಲೇಜಿನ ಹುಡುಗ. ಹಡಗು, ಸೈಬೀರಿಯಾದ ರೈಲು ಎಂದು ವಾರಗಟ್ಟಲೆ ಪ್ರಯಾಣ. ಕಾಲಿಗೆ ಹೆಬ್ಬೆರಳು ಬೇರೆಯಾಗಿ ಹೊಲಿದ ತಾಬಿ ಎಂಬ ಬಟ್ಟೆಯ ಪಾದರಕ್ಷೆ. ಓಟದ ದಿನ ಸುಡುಬಿಸಿಲು. ಪೋರ್ಚುಗಲ್ಲಿನ ಓಟಗಾರನೊಬ್ಬ ಕುಸಿದುಬಿದ್ದು ಪ್ರಾಣವನ್ನೇ ಬಿಟ್ಟ. ಕನಾಕುರಿಯೂ ದಾರಿಯಲ್ಲಿ ಕುಸಿದ. ಯಾರದೋ ಮನೆಯವರು ಉಪಚರಿಸಿದರು. ಓಟ ಮುಗಿಸದೆ, ದಾಖಲೆ ಮಾಡುವವರಿಗೆ ತಿಳಿಸದೆ ಊರಿಗೆ ಮರಳಿದ. ಜಪಾನಿನ ಮೊದಲ ಹೆಜ್ಜೆ ಹೀಗೆ ಸೋಲಿನದು. ಅದೇ 1912ರಲ್ಲಿ ನಮ್ಮ ಮಗ್ಗುಲಿನ ಕೊಲ್ಹಾಪುರದಲ್ಲಿ ಶಾಹೂ ಮಹಾರಾಜರ ಖಾಸಬಾಗ್ ಕುಸ್ತಿ ಮೈದಾನ ಸಿದ್ಧವಾಯಿತು. ಯುರೋಪು ನೋಡಿ ಬಂದ ರಾಜ, ರೋಮಿನ ಬಯಲು ರಂಗವನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿಸಿದ್ದು. ರಾಯಬಾಗ ಆಗ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿದ್ದು. ನಮ್ಮ ಕಡೆಯ ಮುದುಕರು ಇಂದಿಗೂ ಆ ಮೈದಾನದ ಹೆಸರೆತ್ತಿದರೆ ಕೈಮುಗಿಯುತ್ತಾರೆ.

ಕನಾಕುರಿಯನ್ನು ಕಾನೊ ಬಿಡಲಿಲ್ಲ, ಕನಾಕುರಿಯೂ ಓಟ ಬಿಡಲಿಲ್ಲ. ಎಂಟು ವರ್ಷದ ಮೇಲೆ, 1920ರಲ್ಲಿ, ಬೆಲ್ಜಿಯಮ್ಮಿನ ಆಂಟ್‌ವರ್ಪ್. ಈ ಪುಟಕ್ಕೆ ಬಂದಾಗ ನಾನು ಕುರ್ಚಿಯಲ್ಲಿ ನೆಟ್ಟಗೆ ಕುಳಿತೆ. ಆಗಸ್ಟ್ 22ರ ಮ್ಯಾರಥಾನಿನಲ್ಲಿ ಕನಾಕುರಿ ಹದಿನಾರನೆಯವನು. ಹತ್ತೊಂಬತ್ತನೆಯವನು ನಮ್ಮ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ. ಇಬ್ಬರ ನಡುವೆ ಸುಮಾರು ಎರಡು ನಿಮಿಷದ ಅಂತರ. ಚೌಗುಲೆ ತೆಗೆದುಕೊಂಡದ್ದು 2 ಗಂಟೆ 50 ನಿಮಿಷ 45 ಸೆಕೆಂಡು. ಫಿನ್ಲೆಂಡಿನ ಕೊಲೆಹ್ಮೈನೆನ್ ಗೆದ್ದ ಆ ಓಟದಲ್ಲಿ, ಕಾನೊ ಬೆಳೆಸಿದ ಹುಡುಗನ ಬೆನ್ನ ಹಿಂದೆಯೇ ನಮ್ಮ ಜಿಲ್ಲೆಯ ಮಗನೊಬ್ಬ ಓಡುತ್ತಿದ್ದ.

ಚೌಗುಲೆ ಅಲ್ಲಿಗೆ ತಲುಪಿದ್ದರ ಹಿಂದೆಯೂ ಒಬ್ಬ ವಹಿ ಹಿಡಿದವನಿದ್ದ. ದೊರಾಬ್ಜಿ ಟಾಟಾ. ಪುಣೆಯ ಡೆಕ್ಕನ್ ಜಿಮ್ಖಾನಾದ ಅಧ್ಯಕ್ಷರಾಗಿದ್ದ ಅವರು, ಅಲ್ಲಿಯ ಕ್ರೀಡಾಕೂಟದಲ್ಲಿ ಬರಿಗಾಲಲ್ಲಿ ಓಡುವ ರೈತಾಪಿ ಹುಡುಗರ ವೇಗ ಕಂಡು ಬೆರಗಾಗಿ, ಇವರನ್ನು ಒಲಿಂಪಿಕ್ಸ್‌ಗೆ ಕಳಿಸಬೇಕೆಂದು ಹೊರಟರು. ಮುಂಬಯಿಯ ಗವರ್ನರ್ ಜಾರ್ಜ್ ಲಾಯ್ಡ್ ಅವರ ನೆರವಿನಿಂದ ಭಾರತಕ್ಕೆ ಒಲಿಂಪಿಕ್ ಸಮಿತಿಯ ಒಪ್ಪಿಗೆ ಕೊಡಿಸಿ, ಖರ್ಚಿನ ಭಾರ ಹೊತ್ತರು. ಓಟಗಾರರ ಜತೆ ಇಬ್ಬರು ಪೈಲವಾನರೂ ಹೋದರು. ಅಥಣಿ, ನಿಪ್ಪಾಣಿ ಕಡೆಯ ನಮ್ಮ ಜನ ಊರಿಗೆಲ್ಲ ಚಪ್ಪಲಿ ಹೊಲಿದುಕೊಡುವವರು. ಪುಣೆಯಲ್ಲಿ ನಮ್ಮ ಹುಡುಗರು ಓಡಿದ್ದು ಮಾತ್ರ ಬರಿಗಾಲಲ್ಲಿ. ಅವರ ಓಟಗಾರ, ನಮ್ಮ ಓಟಗಾರ, ಇಬ್ಬರನ್ನೂ ಆ ದಾರಿಗೆ ತಂದು ಬಿಟ್ಟವರು ಇಬ್ಬರು ಕಾರ್ಯಕರ್ತರು. ಫಲಿತಾಂಶದ ಪಟ್ಟಿಯಲ್ಲಿ ಓಟಗಾರರ ಹೆಸರಿದೆ, ಇವರದಿಲ್ಲ.

ಕಾನೊ ಅವರ ವಿದ್ಯೆ ಭಾರತಕ್ಕೂ ಬಂದಿತ್ತು. 1929ರಲ್ಲಿ ಜಪಾನಿಗೆ ಹೋಗಿದ್ದ ರವೀಂದ್ರನಾಥ ಠಾಕೂರರು ಕೇಳಿಕೊಂಡ ಮೇಲೆ ತಕಗಾಕಿ ಶಿಂಜೊ ಎಂಬ ಜುಡೋ ಗುರು ಶಾಂತಿನಿಕೇತನಕ್ಕೆ ಬಂದು ಹುಡುಗರಿಗೂ ಹುಡುಗಿಯರಿಗೂ ಕಲಿಸಿದರು. ಹುಡುಗಿಯರಿಗೂ ಎಂಬ ಮಾತಿನ ಕೆಳಗೆ ನಾನು ಪೆನ್ಸಿಲಿನಿಂದ ಗೆರೆ ಎಳೆದೆ. ಯಾಕೆಂದು ಆಗ ನನಗೂ ಸ್ಪಷ್ಟವಿರಲಿಲ್ಲ.

ಇಷ್ಟರ ಹೊತ್ತಿಗೆ ಅಪ್ಪನ ವಹಿಗಳನ್ನೂ ತೆರೆಯುವ ಧೈರ್ಯ ಬಂದಿತ್ತು. ನಾನು ಹುಡುಕಿದ್ದು ಒಂದೇ ವರ್ಷದ ಪುಟ.

ನಾನು ಆಗ ಒಂಬತ್ತನೇ ಇಯತ್ತೆ. ಗಡಿಯ ಗಲಾಟೆ ಜೋರಾಗಿತ್ತು. ಎಸ್.ಟಿ. ಬಸ್ಸುಗಳು ಆ ಕಡೆ ಈ ಕಡೆ ನಿಂತುಹೋಗಿದ್ದವು. ಈ ವರ್ಷ ನಮ್ಮೂರ ಹುಡುಗರಷ್ಟೇ ಆಡಲಿ ಎಂದು ಕಮಿಟಿಯಲ್ಲಿ ಮಾತು ಬಂತು. ಅಪ್ಪ ಕೇಳಲಿಲ್ಲ. ರೈಲಿನಲ್ಲಿ ಮೀರಜಿಗೆ ಹೋಗಿ, ಶೇಡಬಾಳ, ಉಗಾರ, ಕುಡಚಿ, ಚಿಂಚಲಿ ಎಂದು ಒಂದೊಂದೇ ಸ್ಟೇಶನ್ ಎಣಿಸುತ್ತ ಆ ಕಡೆಯ ಪೈಲವಾನನೊಬ್ಬನನ್ನು ಕರೆದುಕೊಂಡು ಬಂದ. ರಾತ್ರಿ ನಮ್ಮನೆಯಲ್ಲೇ ಇಳಿಸಿಕೊಂಡ. ಅವ್ವ ಬಡಿಸಿದ ರೊಟ್ಟಿಗೆ ಆ ಪೈಲವಾನ ಮರಾಠಿಯಲ್ಲಿ ಮೌಶಿ ಎನ್ನುತ್ತ ಹಾಲು ಸುರಿದುಕೊಂಡು ಉಂಡದ್ದು ನನಗೆ ನೆನಪಿದೆ.

ಮರುದಿನದ ಕೊನೆಯ ಕುಸ್ತಿ ಅವನಿಗೂ ನಮ್ಮೂರವನಿಗೂ. ಹಲಗೆಯ ಸದ್ದಿಗೆ ಕಿವಿ ಕಿವುಡಾಗಿತ್ತು. ನಾನು ಕಣದ ಪಕ್ಕದ ಬೇವಿನ ಮರದ ಟೊಂಗೆಯ ಮೇಲಿದ್ದೆ. ಹೊತ್ತು ಮುಳುಗುತ್ತ ಬಂದಿತ್ತು. ಒಂದು ಗಳಿಗೆಯಲ್ಲಿ ಆ ಪೈಲವಾನ ನಮ್ಮವನನ್ನು ಎತ್ತಿ ಹೊರಳಿಸಿದ. ನಮ್ಮವನ ಎರಡೂ ಭುಜ ಮಣ್ಣಿಗೆ ತಾಗಿದ್ದನ್ನು ನಾನು ಮೇಲಿನಿಂದ ಕಂಡೆ. ಚಿತ್. ಆದರೆ ಅಪ್ಪ ಸೀಟಿ ಊದಿ, ಇಬ್ಬರನ್ನೂ ಬಿಡಿಸಿ, ಇಬ್ಬರ ಕೈಗಳನ್ನೂ ಮೇಲೆತ್ತಿದ. ಬರಾಬರಿ! ನಮ್ಮವರು ಇನ್ನೂ ಐದು ಮಿನಿಟು ಬಿಟ್ಟಿದ್ದರೆ ಗೆಲ್ಲುತ್ತಿದ್ದೆವು ಎಂದು ಕೂಗಿದರು. ಆ ಕಡೆಯಿಂದ ಬಂದ ನಾಲ್ಕು ಜನ ಮೋಸ ಎಂದರು. ಕಣದಲ್ಲಿ ಕೈ ಮಾತ್ರ ಮಿಲಾಯಿಸಲಿಲ್ಲ. ರಾತ್ರಿ ಯಾರೋ ನಮ್ಮ ಮನೆಯ ಮೇಲೆ ಕಲ್ಲು ಒಗೆದರು.

ಮುಂದೆ ಒಮ್ಮೆ ಕೇಳಿದೆ. "ಅಪ್ಪಾ, ಅಂವಾ ಚಿತ್ ಮಾಡಿದ್ನಲ್ಲ?" ಅಪ್ಪ ಮುಖ ನೋಡದೆ, "ನನಗ ಕಂಡದ್ದ ಹೇಳೇನಿ" ಅಂದ. ಆ ವರ್ಷ ನನಗೆ ಕೊಡಿಸುತ್ತೇನೆಂದಿದ್ದ ಸೈಕಲ್ ಬರಲಿಲ್ಲ. ಸುಳ್ಳು ಪಂಚಾಯ್ತಿ, ಬಾರದ ಸೈಕಲ್ಲು, ಎರಡೂ ಸೇರಿ ನನ್ನೊಳಗೆ ಅಪ್ಪನ ಬಗ್ಗೆ ಏನೋ ಒಂದು ಗಟ್ಟಿಯಾಗಿ ಕುಳಿತುಬಿಟ್ಟಿತು. ಕುಸ್ತಿ ನೋಡುವುದನ್ನೇ ಬಿಟ್ಟೆ.

ಈಗ ಆ ಪುಟ ತೆರೆದರೆ, ಅಪ್ಪನ ಮುತ್ತಿನಂಥ ಅಕ್ಷರ. ಇನಾಮು 1,001, ಬರಾಬರಿ, ಸಮಪಾಲು. ಹಲಗೆಯವರಿಗೆ ಇಷ್ಟು, ಮಣ್ಣಿನ ಗಾಡಿಗೆ ಇಷ್ಟು. ಎಲ್ಲಕ್ಕೂ ಕೆಳಗೆ 'ಸ್ವಂತ' ಎಂಬ ತಲೆಬರಹದಡಿ ಎರಡು ಸಾಲು. ಹಂಚು ಎರಡು. ಇನ್ನೊಂದು, ಆ ಪೈಲವಾನನ ಊರಿನ ಹೆಸರು, ಮುಂದೆ 501.

ಅಂದರೆ ಅಪ್ಪನಿಗೆ ಕಂಡಿತ್ತು. ಕಂಡದ್ದನ್ನು ಹೇಳದೆ, ಬೆಳಗಿನ ರೈಲಿಗೆ ಅವನನ್ನು ಹತ್ತಿಸುವಾಗ ಉಳಿದರ್ಧ ಇನಾಮನ್ನು ತನ್ನ ಕಿಸೆಯಿಂದ ಕೊಟ್ಟಿದ್ದ. ನನ್ನ ಸೈಕಲ್ಲು ಹೋದದ್ದು ಅಲ್ಲಿ. ಆ ಸಂಜೆ ಸತ್ಯ ಹೇಳಿದ್ದರೆ ಹಂಚಿನ ಬದಲು ತಲೆಗಳು ಒಡೆಯುತ್ತಿದ್ದವೋ ಏನೋ. ಮುಂದಿನ ವರ್ಷ ಆ ಕಡೆಯವರು ಬರುತ್ತಲೇ ಇರಲಿಲ್ಲವೋ ಏನೋ. ಬಂದರು, ಅದು ನಿಜ. ಆದರೆ ಗೆದ್ದವನಿಗೆ ದುಡ್ಡು ಕೊಡಬಹುದು, ಸಾವಿರಾರು ಜನರೆದುರು ಎತ್ತಬೇಕಿದ್ದ ಒಂಟಿ ಕೈಯನ್ನು ರೈಲು ಸ್ಟೇಶನ್ನಿನಲ್ಲಿ ಎತ್ತಲು ಬರುವುದಿಲ್ಲ. ಅಪ್ಪನಿಗೂ ಅದು ಗೊತ್ತಿರಬೇಕು. ಇಲ್ಲದಿದ್ದರೆ ಅಷ್ಟು ಸಣ್ಣ ಅಕ್ಷರದಲ್ಲಿ ಬರೆಯುತ್ತಿರಲಿಲ್ಲ.

ಇದೇ ತೊಡಕು ಕಾನೊ ಅವರ ಕೊನೆಯ ವರ್ಷಗಳಲ್ಲೂ ಇದೆ, ನೂರು ಪಟ್ಟು ದೊಡ್ಡದಾಗಿ. 1940ರ ಒಲಿಂಪಿಕ್ಸ್ ಟೋಕಿಯೊದಲ್ಲಿ ಆಗಬೇಕು ಎಂಬುದು ಜಪಾನಿನ ಆಸೆಯಾಗಿತ್ತು. ಏಷ್ಯಾ ಅಲ್ಲಿಯವರೆಗೆ ಒಂದೂ ಒಲಿಂಪಿಕ್ಸ್ ಕಂಡಿರಲಿಲ್ಲ. ರೋಮ್ ಕೂಡ ಸ್ಪರ್ಧೆಯಲ್ಲಿತ್ತು. ಆಗ ಸುಗಿಮುರಾ ಯೊತಾರೊ ಎಂಬ ರಾಜತಾಂತ್ರಿಕರು, ಲೀಗ್ ಆಫ್ ನೇಷನ್ಸ್‌ನಲ್ಲಿ ದೊಡ್ಡ ಹುದ್ದೆಯಲ್ಲಿದ್ದು ಇಟಲಿಗೆ ರಾಯಭಾರಿಯಾಗಿ ಬಂದವರು, ಸ್ವತಃ ಜುಡೋ ಪಟು, 1935ರಲ್ಲಿ ಒಲಿಂಪಿಕ್ ಸಮಿತಿಯ ಇನ್ನೊಬ್ಬ ಜಪಾನಿ ಸದಸ್ಯ ಸೊಯೆಜಿಮಾ ಅವರೊಡನೆ ಮುಸೊಲಿನಿಯ ಮುಂದೆ ಕುಳಿತು ರೋಮ್ ಹಿಂದೆ ಸರಿಯುವಂತೆ ಮಾಡಿದರು. 1936ರಲ್ಲಿ ಬರ್ಲಿನ್ನಿನಲ್ಲಿ ಮತ ಹಾಕಿದಾಗ ಟೋಕಿಯೊಗೆ 36, ಹೆಲ್ಸಿಂಕಿಗೆ 27. ಕಾನೊ ಅವರ ಬಾಳಿನ ಕೆಲಸ ಕೈಗೂಡಿದಂತಾಯಿತು.

ಮರುವರ್ಷವೇ ಜಪಾನಿನ ಸೇನೆ ಚೀನಾದೊಳಗೆ ಯುದ್ಧಕ್ಕಿಳಿಯಿತು. ಯುದ್ಧ ಮಾಡುವ ದೇಶದಲ್ಲಿ ಆಟವೇ ಎಂದು ಹಲವು ದೇಶಗಳು ಕೇಳತೊಡಗಿದವು. 1938ರ ಮಾರ್ಚಿನಲ್ಲಿ ಕೈರೋದಲ್ಲಿ ಸಭೆ. ಎಪ್ಪತ್ತೇಳರ ಕಾನೊ ಅಲ್ಲಿಗೆ ಹೋಗಿ, ಆಟ ಬೇರೆ ರಾಜಕೀಯ ಬೇರೆ ಎಂಬ ನಿಲುವಿಗೆ ಅಂಟಿಕೊಂಡು ಟೋಕಿಯೊವನ್ನು ಉಳಿಸಿಕೊಂಡರು. ಚೀನಾದ ಹುಡುಗರಿಗೆ ಶಾಲೆ ನಡೆಸಿದವರು ಅವರು. ತಾನೂ ಬಾಳಿ ಎದುರಿನವನನ್ನೂ ಬಾಳಿಸು ಎಂಬುದನ್ನು ಜುಡೋದ ಮುಖ್ಯ ತತ್ವವೆಂದು 1922ರಲ್ಲಿ ಸಾರಿದವರು ಅವರು. ಕೈರೋದಲ್ಲಿ ಅವರಿಗೆ ಏನು ಕಂಡಿತ್ತು, ಏನು ಹೇಳಿದರು? ಕಣ ಉಳಿದರೆ ನಾಳೆ ಎಲ್ಲರೂ ಬಂದು ಆಡುತ್ತಾರೆ ಎಂದುಕೊಂಡರೋ? ಆ ಕಣವನ್ನು ಉಳಿಸಲು ಕಣ್ಣೆದುರಿನ ಒಂದು ದೊಡ್ಡ ಅನ್ಯಾಯದ ಮೇಲೆ ಮಾತಾಡದೆ ಉಳಿದರೋ? ಒಂದು ವಾರ ನಾನು ಅವರ ಪರ, ಇನ್ನೊಂದು ವಾರ ವಿರುದ್ಧ. ಅಪ್ಪನ ವಿಷಯದಲ್ಲೂ ಹಾಗೆಯೇ.

ಕೈರೋದಿಂದ ಅಮೆರಿಕದ ದಾರಿಯಾಗಿ ಮರಳುತ್ತ ಕಾನೊ ವ್ಯಾಂಕೂವರಿನಲ್ಲಿ ಹಿಕಾವಾ ಮಾರು ಹಡಗು ಹತ್ತಿದರು. ಮೇ 4ರಂದು, ಯೊಕೊಹಾಮಾ ಇನ್ನೆರಡು ದಿನದ ದಾರಿ ಇರುವಾಗ, ನ್ಯುಮೋನಿಯಾದಿಂದ ಹಡಗಿನಲ್ಲೇ ತೀರಿಕೊಂಡರು. ಶವಪೆಟ್ಟಿಗೆಯ ಮೇಲೆ ಒಲಿಂಪಿಕ್ ಬಾವುಟ ಹೊದಿಸಿದ್ದರು. ಜುಲೈನಲ್ಲಿ ಜಪಾನ್ ಸರ್ಕಾರ ಯುದ್ಧದ ಕಾರಣಕ್ಕೆ ಒಲಿಂಪಿಕ್ಸನ್ನೇ ಕೈಬಿಟ್ಟಿತು. ಅದನ್ನು ನೋಡಲು ಅವರು ಉಳಿದಿರಲಿಲ್ಲ, ಅಷ್ಟೇ ಪುಣ್ಯ.

ಟೋಕಿಯೊ ಬಿಟ್ಟ ಆಟ ಹೆಲ್ಸಿಂಕಿಗೆ ಹೋಯಿತು. ಮಹಾಯುದ್ಧ ಅದನ್ನೂ ನುಂಗಿತು. ಹೆಲ್ಸಿಂಕಿಗೆ ಕೊನೆಗೂ ಸರದಿ ಬಂದದ್ದು 1952ರಲ್ಲಿ. ಆ ಹೆಲ್ಸಿಂಕಿಯಲ್ಲೇ ಕೊಲ್ಹಾಪುರದ ಮಣ್ಣಿನಲ್ಲಿ ಬೆಳೆದ ಖಾಶಾಬಾ ಜಾಧವ ಕಂಚು ಗೆದ್ದದ್ದು, ಸ್ವತಂತ್ರ ಭಾರತಕ್ಕೆ ಒಬ್ಬನೇ ನಿಂತು ಗೆದ್ದ ಮೊದಲ ಪದಕ. ಅವರನ್ನು ಕಳಿಸಲು ರಾಜಾರಾಮ ಕಾಲೇಜಿನ ಪ್ರಾಂಶುಪಾಲರು ತಮ್ಮ ಮನೆ ಅಡವಿಟ್ಟು 7,000 ರೂಪಾಯಿ ತಂದಿದ್ದರು. ಅಲ್ಲಿ ಜಾಧವರನ್ನು ಸೋಲಿಸಿ ಚಿನ್ನ ಗೆದ್ದವನು ಜಪಾನಿನ ಶೋಹಾಚಿ ಇಶಿ, ಮೊದಲು ಜುಡೋ ಕಲಿತು ಆಮೇಲೆ ಕುಸ್ತಿಗೆ ಬಂದವನು. ಕಾನೊ ಅವರ ಚಾಪೆ ಮತ್ತು ನಮ್ಮ ಕಡೆಯ ಕೆಮ್ಮಣ್ಣು ಎದುರುಬದುರಾಗಿ ನಿಂತದ್ದು ಕಾನೊ ಕಳೆದುಕೊಂಡ ಒಲಿಂಪಿಕ್ಸಿನ ಊರಲ್ಲಿ. 1964ರಲ್ಲಿ ಟೋಕಿಯೊಗೆ ಒಲಿಂಪಿಕ್ಸ್ ಬಂತು, ಜುಡೋವೂ ಸೇರಿತು. ತೂಕದ ಮಿತಿಯಿಲ್ಲದ ವಿಭಾಗದಲ್ಲಿ ಜಪಾನಿನ ಕಾಮಿನಾಗಾ ಅವರನ್ನು ಅವರ ನೆಲದಲ್ಲೇ ಡಚ್ ದೈತ್ಯ ಗೀಸಿಂಕ್ ಮಣಿಸಿದ. ಗೆದ್ದ ಖುಷಿಗೆ ಚಾಪೆಯೊಳಗೆ ನುಗ್ಗಲು ಬಂದ ತನ್ನವರನ್ನು ಕೈ ಎತ್ತಿ ತಡೆದ. ಬಾಗಿ ನಮಸ್ಕಾರ ಆಗುವವರೆಗೆ ಕುಸ್ತಿ ಮುಗಿದಿಲ್ಲ ಎಂದು ಅವನಿಗೆ ಗೊತ್ತಿತ್ತು.

ಇಷ್ಟನ್ನೂ ನಾನು ಆ ಹುಡುಗಿಗೆ ಹೇಳಿದೆ. ಇನ್ನೊಂದನ್ನೂ ಹೇಳಿದೆ. ಕಾನೊ ಅವರ ಮೊದಲ ಗುರು ಫುಕುದಾ ಅವರ ಮೊಮ್ಮಗಳು ಕೈಕೊ. ಆಕೆಯನ್ನು ಕಾನೊ ತಾವೇ ಕರೆದು ಕೊಡೊಕಾನಿನ ಹೆಂಗಸರ ವಿಭಾಗಕ್ಕೆ ಸೇರಿಸಿಕೊಂಡರು. ಹೆಂಗಸರಿಗೆ ಐದನೇ ದಾನ್‌ನಿಂದ ಮೇಲೆ ಏರುವ ದಾರಿ ಇಲ್ಲವೆಂದು ಆಕೆಯನ್ನು ವರ್ಷಗಟ್ಟಲೆ ಅಲ್ಲೇ ನಿಲ್ಲಿಸಿದ್ದರು. 2011ರಲ್ಲಿ, ತೊಂಬತ್ತೆಂಟರ ವಯಸ್ಸಿಗೆ, ಅಮೆರಿಕದ ಜುಡೋ ಸಂಸ್ಥೆ ಆಕೆಗೆ ಹತ್ತನೇ ದಾನ್ ಕೊಟ್ಟಿತು. ಎರಡು ವರ್ಷದ ಮೇಲೆ ಆಕೆ ತೀರಿಕೊಂಡರು.

ಹುಡುಗಿ ಸುಮ್ಮನೆ ಕೇಳಿಸಿಕೊಂಡಳು. ಆಮೇಲೆ, "ಸರ್, ನಿಮ್ಮೂರಾಗ ಗರಡಿ ಐತೆಲ್ರಿ. ಅಲ್ಲಿ ಹುಡುಗ್ಯಾರನ್ನ ಬಿಡ್ತಾರೇನ್ರಿ?" ಅಂದಳು.

ಬಿಡುತ್ತಿರಲಿಲ್ಲ. ಅದು ಹನುಮಪ್ಪನ ಜಾಗ ಎಂದು ಹೊಸ್ತಿಲಲ್ಲೇ ತಡೆಯುತ್ತಿದ್ದವರಲ್ಲಿ ನಮ್ಮಪ್ಪನೂ ಒಬ್ಬ. ನನ್ನ ಅಕ್ಕ ಚಿಕ್ಕವಳಿದ್ದಾಗ ಕಿಟಕಿಗೆ ಮುಖ ಹಚ್ಚಿ ನೋಡುತ್ತಿದ್ದವಳು. ಅಪ್ಪ ಗದರಿಸಿ ಕಳಿಸಿದ್ದು ನನಗೆ ನೆನಪಿದೆ. ಗಡಿ ದಾಟಿ ಪೈಲವಾನನನ್ನು ತಂದವನಿಗೆ ಮನೆಯ ಮಗಳಿಗಾಗಿ ಆ ಹೊಸ್ತಿಲು ದಾಟಿಸಲು ಆಗಲಿಲ್ಲ.

ಆ ಭಾನುವಾರ ಊರಿಗೆ ಹೋದೆ. ಕಾಕಾ ಗರಡಿಯ ಬಾಗಿಲು ತೆಗೆದರು. ಮಾಡದ ಅರ್ಧ ಬಯಲಾಗಿ ಕಣದ ಮಣ್ಣಿನ ಮೇಲೆ ಹುಲ್ಲು ಹುಟ್ಟಿತ್ತು. "ಮಳಿಗಿ ಬ್ಯಾಡ ಕಾಕಾ. ವಹಿ ನಾ ಹಿಡೀತೀನಿ. ಆದ್ರ ಒಂದ ಮಾತು. ಈ ಕಡೆ ಮಣ್ಣು, ಆ ಕಡೆ ಮ್ಯಾಟ್. ಹುಡುಗ್ಯಾರೂ ಬರತಾರ" ಅಂದೆ.

ಕಾಕಾ ಬಹಳ ಹೊತ್ತು ಮಾತಾಡಲಿಲ್ಲ. ಕಾಲಿಂದ ಮಣ್ಣು ಕೆದರುತ್ತ ನಿಂತರು. "ನಿಮ್ಮಪ್ಪ ಇದ್ದಿದ್ರ ಒಪ್ಪತಿದ್ದಿಲ್ಲ" ಅಂದರು.

"ಒಪ್ಪತಿದ್ದಿಲ್ಲ" ಅಂದೆ.

"ಜಗಳಾ ಆಡತಿದ್ದ." ಸ್ವಲ್ಪ ತಡೆದು, "ಆದ್ರ ಊರು ಒಪ್ಪಿದ್ರ ಲೆಕ್ಕಾ ಮಾತ್ರ ಚೊಕ್ಕ ಬರೀತಿದ್ದ" ಎಂದು ನಕ್ಕರು. ಊರು ಒಪ್ಪುತ್ತದೋ ಇಲ್ಲವೋ ಗೊತ್ತಿಲ್ಲ. ಬರುವ ಅಮಾವಾಸ್ಯೆಗೆ ಕಮಿಟಿ ಕೂಡುವುದಿದೆ. ಜಗಳವಂತೂ ಆಗುತ್ತದೆ.

ರಾತ್ರಿ ಚಿಕ್ಕೋಡಿಗೆ ಮರಳಿ ಹೊಸ ವಹಿಯೊಂದನ್ನು ತೆರೆದೆ. ನನ್ನ ಅಕ್ಷರ ಅಪ್ಪನಷ್ಟು ಚಂದವಿಲ್ಲ. ಹಂಚು, ಮುನ್ನೂರು. ಕೆಮ್ಮಣ್ಣು, ಒಂದು ಟ್ರ್ಯಾಕ್ಟರ್. ಮ್ಯಾಟ್. ರೂಪಾಯಿಯ ಜಾಗವನ್ನು ಸದ್ಯಕ್ಕೆ ಖಾಲಿ ಬಿಟ್ಟಿದ್ದೇನೆ. ಕೊನೆಯಲ್ಲಿ 'ಸ್ವಂತ' ಎಂಬ ತಲೆಬರಹವನ್ನು ಮಾತ್ರ, ಅಪ್ಪನಿಗಿಂತ ಸ್ವಲ್ಪ ದೊಡ್ಡ ಅಕ್ಷರದಲ್ಲಿ, ಬರೆದಿಟ್ಟಿದ್ದೇನೆ.